ಮಾವಿನ ಚಿಗುರು ಹಸಿರಲ್ಲ ಟೀಚರ್

ಸಂಪಾದಕರೇ, ನಮಸ್ಕಾರ.

ನನ್ನ ಮಗಳು ಈಗ ಮೂರನೇ ಕ್ಲಾಸು. ಹೋದ ವರ್ಷ ಶಾಲೆಯಿಂದ ಪ್ರವಾಸ ಹೋಗಿ ಬಂದ ಮೇಲೆ "ನಾನು ನೋಡಿದ ಮರ" ಅಂತ ಒಂದು ಚಿತ್ರ ಬರೆದುಕೊಂಡು ಬನ್ನಿ ಅಂದಿದ್ದರು. ಅವಳು ಮಾವಿನ ಮರ ಬರೆದಳು. ಕೆಳಗಿನ ಎಲೆಗಳಿಗೆಲ್ಲ ಹಸಿರು ಹಚ್ಚಿದಳು. ತುದಿಯ ಎಲೆಗಳಿಗೆ ಮಾತ್ರ ಕೆಂಪು ಕಂದು ಎರಡೂ ಕ್ರೇಯಾನ್ ಸೇರಿಸಿ ತಿಕ್ಕಿ ತಿಕ್ಕಿ ಒಂಥರಾ ತಾಮ್ರದ ಬಣ್ಣ ತಂದಳು. ಎರಡು ದಿನ ಬಿಟ್ಟು ಪುಸ್ತಕ ವಾಪಸ್ ಬಂತು. ಆ ಎಲೆಗಳ ಸುತ್ತ ಪೆನ್ನಿನಲ್ಲಿ ಒಂದು ಸೊನ್ನೆ, ಪಕ್ಕದಲ್ಲಿ "ಎಲೆ ಹಸಿರಿರಬೇಕು" ಅಂತ ಷರಾ.

"ಆದ್ರೆ ಅದು ಹಸಿರು ಇರ್ಲಿಲ್ಲ ಅಮ್ಮಾ" ಅಂದಳು.

ಇರಲಿಲ್ಲ, ನಿಜ. ಹಬ್ಬಕ್ಕೆ ತೋರಣ ಕಟ್ಟಲು ಸೊಪ್ಪು ಕಿತ್ತವರಿಗೆಲ್ಲ ಗೊತ್ತು, ಮಾವಿನ ಚಿಗುರು ಕೆಂಪಗೆ, ಮೆತ್ತಗೆ, ಜೋತಾಡುತ್ತಾ ಬರುತ್ತದೆ. ಎಳೆ ಎಲೆಯಲ್ಲಿ ಪತ್ರಹರಿತ್ತು ಇನ್ನೂ ಪೂರ್ತಿ ತುಂಬಿರುವುದಿಲ್ಲ. ಆಂಥೋಸಯಾನಿನ್ ಅನ್ನುವ ಕೆಂಪು ಬಣ್ಣದ ಅಂಶ ಜಾಸ್ತಿ ಇರುತ್ತದೆ. ಜೋರು ಬಿಸಿಲಿನಿಂದ ಎಳೆ ಎಲೆಯನ್ನು ಅದು ಕಾಪಾಡುತ್ತದೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಏಳು ವರ್ಷದ ಹುಡುಗಿ ಇದ್ಯಾವುದೂ ಗೊತ್ತಿಲ್ಲದೆ, ಸುಮ್ನೆ ಕಣ್ಣಿಗೆ ಕಂಡದ್ದನ್ನು ಬರೆದಿದ್ದಳು. ಆ ಪುಸ್ತಕ ವಿಜ್ಞಾನದ ಟೀಚರ್ ಕೈಗೆ ಹೋಗಿದ್ದರೆ ಅವರು ಇಡೀ ಕ್ಲಾಸಿಗೆ ಎತ್ತಿ ತೋರಿಸುತ್ತಿದ್ದರೇನೋ. ಹೋಗಲಿಲ್ಲ, ಅದು ಡ್ರಾಯಿಂಗ್ ಪುಸ್ತಕ ಅಲ್ವಾ. ಪರಿಸರ ಅಧ್ಯಯನಕ್ಕೆ ಬೇರೆ ಪುಸ್ತಕ, ಬೇರೆ ಪೀರಿಯಡ್ಡು, ಬೇರೆ ಟೀಚರು. ನನ್ನ ತಕರಾರು ಇರುವುದು ಇಲ್ಲೇ. ನಲವತ್ತು ಪುಸ್ತಕ ತಿದ್ದಬೇಕಾದ ಆ ಟೀಚರ್ ಮೇಲೆ ನನಗೆ ಕೋಪವಿಲ್ಲ.

ಆ ಪ್ರವಾಸ ಹೇಗಿತ್ತು ಅಂತಲೂ ಹೇಳಬೇಕು. ಬೆಳಿಗ್ಗೆ ಏಳಕ್ಕೆ ಬಸ್ಸು. ರಂಗನತಿಟ್ಟು, ಶ್ರೀರಂಗಪಟ್ಟಣದಲ್ಲಿ ಮೂರು ಜಾಗ, ಸಂಜೆ ಬೃಂದಾವನ, ರಾತ್ರಿ ವಾಪಸ್. ರಂಗನತಿಟ್ಟಿಗೆ ಸಿಕ್ಕಿದ್ದು ಒಂದು ಗಂಟೆಗಿಂತ ಕಮ್ಮಿ. ಚಮಚದಂಥ ಕೊಕ್ಕನ್ನು ನೀರಲ್ಲಿ ಅತ್ತಿಂದಿತ್ತ ಬೀಸುತ್ತಾ ಹುಳ ಮೀನು ಹಿಡಿಯುವ ಹಕ್ಕಿ ಇರುವ ಜಾಗ ಅದು, ಮಕ್ಕಳು ಒಂದು ಸಲ ನಿಂತು ನೋಡಿದರೆ ಮನೆಗೆ ಬಂದು ಅದೇ ಥರ ತಲೆ ಆಡಿಸಿ ತೋರಿಸುತ್ತಾರೆ. ಆದರೆ ಕೈಗೆ ಬಂದದ್ದು ಒಂದು ವರ್ಕ್‌ಶೀಟು: ರಂಗನತಿಟ್ಟು ಯಾವ ನದಿಯಲ್ಲಿದೆ, ಪಕ್ಷಿಧಾಮ ಆದದ್ದು ಯಾವ ವರ್ಷ. ಕಾವೇರಿ, 1940. ಟೀಚರ್ ಹೇಳಿದ್ದನ್ನು ಮಕ್ಕಳು ಬಸ್ಸಿನಲ್ಲೇ ಬರೆದು ಮುಗಿಸಿದರು. ಏನೇನು ನೋಡಿದೆ ಅಂತ ಕೇಳಿದರೆ ಮೊಸಳೆ, ಐಸ್‌ಕ್ರೀಮು ಅಂದಳು.

ಮತ್ತೆ ಮಾವಿನ ಮರ ಎಲ್ಲಿಂದ ಬಂತು? ದಾರಿಯಲ್ಲಿ ಒಂದು ತೋಟದ ಪಕ್ಕ ಊಟಕ್ಕೆ ಕೂರಿಸಿದ್ದರಂತೆ. ಬಸ್ಸು ಕೆಟ್ಟು ಮುಕ್ಕಾಲು ಗಂಟೆ ಅಲ್ಲೇ ಉಳಿದರಂತೆ. ಇಡೀ ದಿನದಲ್ಲಿ ಅವಳು ಒಂದೇ ಕಡೆ ಕೂತದ್ದು ಅಲ್ಲಿ ಮಾತ್ರ. ಚಿತ್ರದಲ್ಲಿ ಬಂದದ್ದೂ ಅದೇ.

ಅವತ್ತಿನಿಂದ ನನಗೊಂದು ಹುಚ್ಚು ಹಿಡಿಯಿತು. ನಮ್ಮ ಬೀದಿಯ ಆರು ಮಕ್ಕಳನ್ನು ಕಟ್ಟಿಕೊಂಡು ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗಲು ಶುರು ಮಾಡಿದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹಳೇ ನೋಟ್‌ಬುಕ್ಕಿನ ರಟ್ಟು, ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು, ನಾಲ್ಕು ಹಾಳೆ, ಒಂದು ಪೆನ್ಸಿಲ್, ಅಷ್ಟೇ ಸಾಮಾನು. ಮೊದಲ ವಾರ ದಂಡ ಆಯಿತು. ಸ್ಕೆಚ್ ಪೆನ್ ಕೊಟ್ಟಿದ್ದೆ, ಎಲ್ಲರೂ ಎರಡು ಬೆಟ್ಟ, ನಡುವೆ ಸೂರ್ಯ, ವಿ ಆಕಾರದ ನಾಲ್ಕು ಹಕ್ಕಿ ಬರೆದು ಐದು ನಿಮಿಷಕ್ಕೆ "ಆಯ್ತು ಆಂಟಿ" ಅಂದರು. ಎದುರಿಗೆ ಬೆಟ್ಟವೂ ಇಲ್ಲ, ಸೂರ್ಯ ಬೆನ್ನ ಹಿಂದೆ! ಎರಡನೇ ವಾರ ಸ್ಕೆಚ್ ಪೆನ್ ಬಿಟ್ಟು ಹೋದೆ. ಒಂದೇ ಹಕ್ಕಿ ನೋಡಿ, ಅದು ಹಾರಿಹೋಗುವ ತನಕ ಅದನ್ನೇ ಬರೆಯಿರಿ ಅಂದೆ.

ದಡದಲ್ಲಿ ಒಂದು ಬೆಳ್ಳಕ್ಕಿ ನಿಂತಿತ್ತು. ಪಕ್ಕದ ಮನೆ ಹುಡುಗ ಕಾಲು ಬರೆದ, ಅಳಿಸಿದ, ಮತ್ತೆ ಬರೆದ. ಆಮೇಲೆ ನನ್ನ ಹತ್ತಿರ ಬಂದು, "ಆಂಟಿ, ಇದರ ಮೊಣಕಾಲು ಉಲ್ಟಾ ಇದೆ" ಅಂದ. ನಾನು ನಲವತ್ತು ವರ್ಷದಿಂದ ಬೆಳ್ಳಕ್ಕಿ ನೋಡುತ್ತಿದ್ದೇನೆ, ಒಂದು ದಿನವೂ ಇದು ಹೊಳೆದಿರಲಿಲ್ಲ. ಮನೆಗೆ ಬಂದು ಹುಡುಕಿ ಓದಿದೆ. ಹಿಂದಕ್ಕೆ ಮಡಚುವ ಆ ಗಂಟು ಮೊಣಕಾಲೇ ಅಲ್ಲವಂತೆ, ಅದು ಹಿಮ್ಮಡಿಯ ಗಂಟು. ನಿಜವಾದ ಮೊಣಕಾಲು ಮೇಲೆ ಹೊಟ್ಟೆಯ ಹತ್ತಿರ ಪುಕ್ಕದೊಳಗೆ ಮುಚ್ಚಿಹೋಗಿರುತ್ತದೆ, ಅದು ನಮ್ಮ ಹಾಗೇ ಮುಂದಕ್ಕೆ ಮಡಚುತ್ತದೆ. ಅಂದರೆ ಹಕ್ಕಿ ಯಾವಾಗಲೂ ತುದಿಗಾಲಲ್ಲಿ ನಿಂತಿರುತ್ತದೆ. ಮುಂದಿನ ವಾರ ಇದನ್ನು ಹೇಳಿದ್ದೇ ತಡ, ಆರೂ ಜನ ಕೆರೆ ಏರಿ ಮೇಲೆ ತುದಿಗಾಲಲ್ಲಿ ನಡೆದದ್ದೇ ನಡೆದದ್ದು. ವಾಕಿಂಗ್ ಬಂದವರೆಲ್ಲ ನಿಂತು ನೋಡಿದರು.

ನೀರುಕಾಗೆ ರೆಕ್ಕೆ ಅಗಲಿಸಿ ಕೂರುವುದನ್ನು ಕಂಡು ನನ್ನ ಮಗಳು ಅದರ ಹಿಂದೆ ಒಂದು ಹಗ್ಗ ಬರೆದಳು, ಬಟ್ಟೆ ಒಣಗಿ ಹಾಕಿದೆ ಅಂತ. ತಪ್ಪೇನಿಲ್ಲ. ಅದರ ಪುಕ್ಕ ಬಾತುಕೋಳಿಯದರಂತೆ ನೀರು ತಡೆಯುವುದಿಲ್ಲ, ನೆನೆದುಬಿಡುತ್ತದೆ, ಅದಕ್ಕೇ ಮುಳುಗಿ ಎದ್ದ ಮೇಲೆ ಒಣಗಿಸಿಕೊಳ್ಳುತ್ತದೆ. ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲಕ್ಕೆ ಇನ್ನೊಬ್ಬಳು ಜಿಪ್ ಹಾಕಿದ್ದಳು! ಅದರಲ್ಲಿ ಮೀನು ತುಂಬಿಸಿಕೊಂಡು ಹೋಗುತ್ತೆ ಅಂತ ವಾದ. ಅರ್ಧ ಗಂಟೆ ನೋಡಿದ ಮೇಲೆ ಅವಳೇ ಜಿಪ್ ಅಳಿಸಿದಳು. ಅದು ಚೀಲವನ್ನು ಬಲೆಯ ಹಾಗೆ ಬಳಸಿ, ನೀರು ಸುರಿಸಿ, ಮೀನನ್ನು ಅಲ್ಲೇ ನುಂಗುತ್ತದೆ ಅಂತ ಅವಳಿಗೇ ಕಂಡಿತ್ತು.

ಬಣ್ಣಕ್ಕೂ ಅಂಗಡಿಗೆ ಹೋಗಬೇಕಾಗಿಲ್ಲ. ದಾಸವಾಳದ ಎಸಳನ್ನು ಹಾಳೆ ಮೇಲೆ ಉಜ್ಜಿದರೆ ನೇರಳೆ ಬಣ್ಣ ಬರುತ್ತದೆ. ಅದರ ಮೇಲೆ ನಿಂಬೆರಸ ಬಿಟ್ಟರೆ ಗುಲಾಬಿಗೆ ತಿರುಗುತ್ತದೆ, ಸೋಪಿನ ನೀರು ಬಿಟ್ಟರೆ ಹಸಿರಿಗೆ. ಅರಿಶಿಣದ ನೀರಲ್ಲಿ ಬರೆದು ಸೋಪಿನ ನೀರು ತಾಗಿಸಿದರೆ ಕೆಂಪು. ಸಾರು ಚೆಲ್ಲಿದ ಯೂನಿಫಾರ್ಮ್ ಒಗೆದ ತಾಯಂದಿರಿಗೆಲ್ಲ ಈ ಪ್ರಯೋಗ ಗೊತ್ತು, ಹಿಂದೆ ಅರಿಶಿಣಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುತ್ತಿದ್ದುದೂ ಇದೇ ಲೆಕ್ಕದಲ್ಲಿ. (ಮಕ್ಕಳ ಕೈಗೆ ಸುಣ್ಣ ಮಾತ್ರ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ.) ಹುಳಿ, ಕ್ಷಾರ ಅಂತ ಮುಂದೆ ಹೈಸ್ಕೂಲಿನಲ್ಲಿ ಓದುವ ಹೊತ್ತಿಗೆ ಅವರು ಅದನ್ನು ಕೈಯಾರೆ ಹಚ್ಚಿ ನೋಡಿರುತ್ತಾರೆ.

ಇದೇನು ಹೊಸ ವಿಚಾರ ಅಲ್ಲ. ನೂರು ವರ್ಷಕ್ಕೂ ಹಿಂದೆ, ಬೆಂಗಳೂರಿನ ಲಾಲ್‌ಬಾಗ್ ತೋಟ ಅದರ ಮೇಲ್ವಿಚಾರಕ ಜಾನ್ ಕ್ಯಾಮರಾನ್ ಅವರ ಕೈಯಲ್ಲಿದ್ದ ಕಾಲದಲ್ಲಿ ಚೆಲುವಯ್ಯ ರಾಜು ಅನ್ನುವ ಚಿತ್ರಕಾರರು ಅಲ್ಲಿನ ಗಿಡಗಳನ್ನು ಕೂತು ಬರೆಯುತ್ತಿದ್ದರು. ಒಣಗಿಸಿಟ್ಟ ಗಿಡದ ಬಣ್ಣ ಹೋಗುತ್ತದೆ, ಫೋಟೋದಲ್ಲಿ ಹೂವು, ಕಾಯಿ, ಬೀಜ, ಎಲೆಯ ಹಿಂಬದಿ ಎಲ್ಲ ಒಂದೇ ಸಲ ಸಿಗುವುದಿಲ್ಲ. ಅದಕ್ಕೇ ಸಸ್ಯಶಾಸ್ತ್ರದವರಿಗೆ ಇವತ್ತಿಗೂ ಚಿತ್ರ ಬರೆಯುವವರು ಬೇಕು. ದೊಡ್ಡವರಿಗೆ ಬೇಕಾದ ಕೆಲಸ ಮಕ್ಕಳಿಗೆ ಬಂದಾಗ ಮಾತ್ರ "ಡ್ರಾಯಿಂಗ್ ಪೀರಿಯಡ್" ಆಗಿ, ಪರೀಕ್ಷೆ ಹತ್ತಿರ ಬಂದರೆ ಗಣಿತಕ್ಕೆ ಬಿಟ್ಟುಕೊಡುವ ಪೀರಿಯಡ್ ಆಗುವುದು ಯಾಕೆ?

ಆಗುವುದಿಲ್ಲ ಅನ್ನುವವರ ಕಷ್ಟವೂ ನನಗೆ ಗೊತ್ತಿದೆ. ಆರು ಮಕ್ಕಳನ್ನು ಕರೆದುಕೊಂಡು ಹೋಗುವುದು ಬೇರೆ, ನಲವತ್ತು ಮಕ್ಕಳದ್ದು ಬೇರೆ. ಕೆರೆ ಅಂದರೆ ನೀರು, ಹಾವು, ಪೋಷಕರ ಫೋನು. ಎಷ್ಟೋ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರೇ ಇಲ್ಲ. ಆದರೆ ಕೆರೆಯೇ ಆಗಬೇಕು ಅಂತ ಯಾರು ಹೇಳಿದರು? ಶಾಲೆಯ ಹಿಂದಿನ ಹೊಂಗೆ ಮರ ಸಾಕು, ಕಾಂಪೌಂಡಿನ ಪಾಚಿ ಸಾಕು. ಎಲೆಯ ಹಿಂಬದಿ ಮೇಲೆ ಹಾಳೆ ಇಟ್ಟು ಕ್ರೇಯಾನ್ ಉಜ್ಜಿದರೆ ನರಗಳೆಲ್ಲ ಎದ್ದು ಬರುತ್ತವೆ. ಅರಳಿಯದು ಬಲೆ ಥರ, ಬಾಳೆಯದು ಗೆರೆ ಗೆರೆ. ಯಾಕೆ ಹೀಗೆ ಅಂತ ಮಕ್ಕಳೇ ಕೇಳುತ್ತಾರೆ. ತಿಂಗಳಿಗೊಂದು ಬ್ಯಾಗಿಲ್ಲದ ಸಂಭ್ರಮ ಶನಿವಾರ ಹೇಗೂ ಇದೆ. ಒಂದರಿಂದ ಮೂರನೇ ಕ್ಲಾಸಿನ ನಲಿ-ಕಲಿ 1995ರಲ್ಲಿ ಶುರುವಾದದ್ದು ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಹಾಡಿಸಿ, ಬರೆಸಿ, ಆಡಿಸಿ ಕಲಿಸುವುದು ಆ ಟೀಚರ್‌ಗಳಿಗೆ ಹೊಸದಲ್ಲ. ಇನ್ನು ಮೈಸೂರಿನಲ್ಲೇ ಕಾವಾ ಇದೆ, ಪೂರ್ತಿ ಕಲೆಗೇ ಮೀಸಲಾದ ಕಾಲೇಜು. ಅಲ್ಲಿನ ನಾಲ್ಕು ಹುಡುಗರನ್ನು ಒಂದು ಬೆಳಿಗ್ಗೆ ಜೊತೆಗೆ ಕರೆದರೆ ಹತ್ತು ಹತ್ತು ಮಕ್ಕಳ ಗುಂಪು ಮಾಡಬಹುದು. ಅವರು ಪಾಠ ಮಾಡುವುದು ಬೇಡ, ಪಕ್ಕದಲ್ಲಿ ಕೂತು ತಾವೂ ಬರೆದರೆ ಸಾಕು.

ದೂರದ ಪ್ರವಾಸ ಬೇಡವೇ ಬೇಡ ಅನ್ನುತ್ತಿಲ್ಲ. ಡಿಸೆಂಬರ್ ಬಂತೆಂದರೆ ನಮ್ಮ ಊರಿನ ರಸ್ತೆ ತುಂಬ ಶಾಲಾ ಬಸ್ಸುಗಳು, ಎಲ್ಲೆಲ್ಲಿಂದಲೋ ರಾತ್ರಿಯಿಡೀ ಬಂದ ಮಕ್ಕಳು ಕಿಟಕಿಗೆ ತಲೆ ಆನಿಸಿ ಮಲಗಿರುತ್ತಾರೆ. ದೊಡ್ಡ ಮಕ್ಕಳಿಗೆ ಅದರಲ್ಲೂ ಒಂದು ಖುಷಿ ಇದೆ, ಇರಲಿ. ಆರೇಳು ವರ್ಷದವರಿಗೆ ಒಂದೇ ಜಾಗ ಸಾಕು, ಮತ್ತು ಆ ಬಸ್ಸಿನಲ್ಲಿ ಡ್ರಾಯಿಂಗ್ ಟೀಚರ್, ವಿಜ್ಞಾನದ ಟೀಚರ್ ಇಬ್ಬರೂ ಇರಬೇಕು ಅನ್ನುವುದಷ್ಟೇ ನನ್ನ ಮಾತು. ವಾಪಸ್ ಬಂದ ಮೇಲೆ ಆ ಚಿತ್ರಗಳನ್ನು ಇಬ್ಬರೂ ಒಟ್ಟಿಗೆ ಕೂತು ನೋಡಲಿ. ಮಾರ್ಕ್ಸ್ ಬೇಡ. ಇದ್ಯಾಕೆ ಹೀಗೆ ಬರೆದೆ ಅಂತ ಕೇಳಿದರೆ ಸಾಕು.

ಈ ವಾರ ಮತ್ತೆ ಚೀಟಿ ಬಂದಿದೆ. ಐದು ಸ್ಥಳ, ತಿಂಡಿ ಊಟ ಸೇರಿ 850 ರೂಪಾಯಿ, ನೀರಿನ ಬಾಟಲಿ ಮತ್ತು ಟೋಪಿ ಕಡ್ಡಾಯ, ಬೇರೇನೂ ಕಳಿಸಬೇಡಿ. ಸಹಿ ಹಾಕಿದ್ದೇನೆ, ಮಗಳು ಆಗಲೇ ಕುಣಿಯುತ್ತಿದ್ದಾಳೆ. ಸಹಿಯ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ದಯವಿಟ್ಟು ಊಟಕ್ಕೆ ಯಾವುದಾದರೂ ಮರದ ಕೆಳಗೆ ಕೂರಿಸಿ, ಅರ್ಧ ಗಂಟೆ ಜಾಸ್ತಿ ಕೊಡಿ, ಅವಳ ಬ್ಯಾಗಿನಲ್ಲಿ ಒಂದು ರಟ್ಟು, ಪೆನ್ಸಿಲ್ ಇರುತ್ತದೆ. ಉತ್ತರ ಇನ್ನೂ ಬಂದಿಲ್ಲ.

ಒಬ್ಬ ತಾಯಿ, ಕುವೆಂಪುನಗರ, ಮೈಸೂರು