ಅರಿವು ಕೇಂದ್ರಗಳಿಗೆ ನೆಟ್ ಬೇಡದ ನಿಘಂಟು ಕೊಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಹಳ್ಳಿಗಳಲ್ಲಿ ಕರೆಂಟು ಬಂದರೂ ನೆಟ್ ಬರುವ ಖಾತ್ರಿಯಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೂ ಪದದ ಅರ್ಥ ನೋಡಲು ಮಕ್ಕಳು ನೆಟ್ಟನ್ನೇ ಕಾಯುತ್ತಾರೆ. ಕಾಯಬೇಕಿಲ್ಲ. ಒಂದು ಪೆನ್‌ಡ್ರೈವ್ ಸಾಕು.

ನಿಘಂಟುಗಳಲ್ಲಿ ಪದ ಹುಡುಕಿಕೊಡುವ ಗೋಲ್ಡನ್‌ಡಿಕ್ಟ್ ಎಂಬ ಉಚಿತ ತಂತ್ರಾಂಶವಿದೆ. ಅದು ಖಾಲಿ ಕಪಾಟು. ನಿಘಂಟುಗಳನ್ನು ನಾವೇ ಜೋಡಿಸಬೇಕು. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ಬಂತು. ಅದರಲ್ಲಿ 1.5 ಲಕ್ಷದಷ್ಟು ಪದಗಳಿವೆ. ಗೋಲ್ಡನ್‌ಡಿಕ್ಟ್ ಓದಬಲ್ಲ ಸ್ಟಾರ್‌ಡಿಕ್ಟ್ ರೂಪದಲ್ಲೂ ಅದರ ಕಡತಗಳು ಸಿಗುತ್ತವೆ. ಎಷ್ಟು ಕಂಪ್ಯೂಟರಿಗೆ ನಕಲು ಮಾಡಿದರೂ ಯಾರೂ ಕೇಳುವಂತಿಲ್ಲ.

ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡಲು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಅದು ಯಾರ ಹತ್ತಿರ ಇದೆ ಎಂಬುದೇ ಎಷ್ಟೋ ಕಡೆ ಗೊತ್ತಿರುವುದಿಲ್ಲ. ಹಾಗಾಗಿ ಜಿಪ್ ಕಡತದಲ್ಲಿ ಸಿಗುವ ಗೋಲ್ಡನ್‌ಡಿಕ್ಟ್ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಬಿಡಿಸಿಕೊಳ್ಳಿ. ಪ್ರೋಗ್ರಾಂ ಇರುವ ಜಾಗದಲ್ಲೇ ‘ಪೋರ್ಟಬಲ್’ ಮತ್ತು ‘ಕಂಟೆಂಟ್’ ಎಂಬ ಎರಡು ಫೋಲ್ಡರ್ ಮಾಡಿ. ಹೆಸರುಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಬರೆಯಿರಿ. ನಿಘಂಟಿನ ಕಡತಗಳನ್ನು ಕಂಟೆಂಟ್ ಒಳಗೆ ಹಾಕಿ. ಮೊದಲ ಸಲ ತೆರೆದಾಗ ಅದು ಸೂಚಿ ಕಟ್ಟಿಕೊಳ್ಳುತ್ತದೆ. ಹಳೆಯ ಯಂತ್ರದಲ್ಲಿ ತುಸು ಹೊತ್ತು ಹಿಡಿಯುತ್ತದೆ, ಹ್ಯಾಂಗ್ ಆಯಿತೆಂದು ನಡುವೆ ಮುಚ್ಚಬಾರದು.

ಇಲ್ಲಿ ಸಾಮಾನ್ಯವಾಗಿ ಎಡವುವುದು ಬಿಡಿಸುವ ಕೆಲಸದಲ್ಲಿ. ಇಳಿಸಿಕೊಂಡ ನಿಘಂಟಿನ ಕಡತದ ಹೆಸರು ಟಾರ್-ಜಿಜೆಡ್ ಎಂದು ಕೊನೆಯಾಗಿದ್ದರೆ, ಒತ್ತಿ ಕಟ್ಟಿದ ಕಡತ ಬಿಡಿಸುವ 7-ಜಿಪ್ ಎಂಬ ತಂತ್ರಾಂಶದಲ್ಲಿ ಎರಡು ಸಲ ಬಿಡಿಸಬೇಕು. ಒಳಗೆ ಐಎಫ್‌ಒ, ಐಡಿಎಕ್ಸ್, ಡಿಕ್ಟ್-ಡಿಜೆಡ್ ಎಂಬ ಕೊನೆಯುಳ್ಳ ಮೂರು ಕಡತಗಳು ಕಾಣುತ್ತವೆ. ಅಲ್ಲಿಗೆ ನಿಲ್ಲಿಸಿ, ಡಿಜೆಡ್ ಅನ್ನು ಮತ್ತೆ ಬಿಡಿಸುವುದು ಬೇಡ. ಮೂರೂ ಒಂದೇ ಫೋಲ್ಡರ್‌ನಲ್ಲಿರಬೇಕು, ಒಂದು ತಪ್ಪಿದರೂ ನಿಘಂಟು ಪಟ್ಟಿಗೆ ಬರುವುದಿಲ್ಲ. ಡಿಕ್ಷನರೀಸ್ ಮೆನುವಿನಲ್ಲಿ ವಿಕಿಪೀಡಿಯಕ್ಕೆ ಟಿಕ್ ಇದ್ದರೆ ತೆಗೆಯಿರಿ. ನೆಟ್ ಇಲ್ಲದಾಗ ಅದಕ್ಕಾಗಿ ಸುಮ್ಮನೆ ಕಾಯಿಸುತ್ತದೆ.

ಕನ್ನಡ ಪದ ಸಿಗಲಿಲ್ಲವೆಂದರೆ ನಿಘಂಟನ್ನು ದೂರುವ ಮುಂಚೆ ವಿಭಕ್ತಿ ಕಳಚಿ ನೋಡಿ. ‘ಕಾಡುಗಳಿಂದ’ ಎಂದು ಹುಡುಕಿದರೆ ಸಿಗದು, ‘ಕಾಡು’ ಎಂದರೆ ಸಿಗುತ್ತದೆ. ‘ಹೋದರು’ ಬಿಟ್ಟು ‘ಹೋಗು’ ಹುಡುಕಿ. ಇನ್ನೊಂದು ತೊಡಕು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳಲ್ಲಿ ಬರೆದ ಹಳೆಯ ಕಡತಗಳದ್ದು. ಅವುಗಳಿಂದ ನಕಲು ಮಾಡಿದ ಪದ ಹುಡುಕುವ ಜಾಗದಲ್ಲಿ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳಾಗಿ ಬೀಳುತ್ತದೆ, ಏಕೆಂದರೆ ಅದು ಈಗಿನ ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲ. ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ.

ಸಮಾನಾರ್ಥಕ ಪದಗಳ ವಿಷಯಕ್ಕೆ ಬಂದರೆ, ಇಂಗ್ಲಿಷಿಗೆ ಪತ್ರ-ಲೇಖನ ಬರೆಯುವ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಸಾಕು: ಪದದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಎಫ್7 ಒತ್ತಿ. ಏನೂ ಬರದಿದ್ದರೆ ಕೆಳಗಿನ ಪಟ್ಟಿಯಲ್ಲಿ ಭಾಷೆ ಇಂಗ್ಲಿಷ್ ಆಗಿದೆಯೇ ನೋಡಿ. ವರ್ಡ್‌ನೆಟ್ ಎಂಬ ಇಂಗ್ಲಿಷ್ ಪದಕೋಶ ಆಧರಿಸಿದ ‘ಅರ್ಥ’ ಎಂಬ ಪುಟ್ಟ ತಂತ್ರಾಂಶ ಇದಕ್ಕಿಂತ ಚುರುಕು, ಅದಕ್ಕೂ ನೆಟ್ ಬೇಡ. ಕನ್ನಡಕ್ಕೆ ಲಿಬ್ರೆಆಫೀಸ್‌ನಲ್ಲಿ ಅಂಥ ಸಮಾನಾರ್ಥಕ ಪಟ್ಟಿಯಿಲ್ಲ. ಆದರೆ ಗೋಲ್ಡನ್‌ಡಿಕ್ಟ್ 1.5ರಲ್ಲಿ ಕಂಟ್ರೋಲ್-ಶಿಫ್ಟ್-ಎಫ್ ಒತ್ತಿದರೆ ಅರ್ಥಗಳ ಒಳಗೂ ಹುಡುಕಬಹುದು. ಅಲರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಫಾರೆಸ್ಟ್ ಎಂದು ಹಾಕಿ: ಕಾಡು, ಅಡವಿ, ಅರಣ್ಯದಂಥವು ಸಾಲಾಗಿ ಬರುತ್ತವೆ, ಜೊತೆಗೆ ಸಂಬಂಧವಿಲ್ಲದ ನಾಲ್ಕಾರು ಪದಗಳೂ ಇರುತ್ತವೆ. ಜರಡಿ ಹಿಡಿಯುವುದು ನಮ್ಮ ಕೆಲಸ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದರಷ್ಟು ಉಪಯೋಗದ್ದು ಬೇರೊಂದಿಲ್ಲ, ಇದನ್ನು ಬಳಸುವವರೂ ಕಡಿಮೆ.

ಜಿಲ್ಲಾ ಪಂಚಾಯಿತಿಯವರು ಹೀಗೆ ಸಿದ್ಧಪಡಿಸಿದ ಒಂದು ಪೆನ್‌ಡ್ರೈವ್ ಅನ್ನು ಪ್ರತಿ ತಾಲ್ಲೂಕಿಗೆ ಕಳಿಸಲಿ. ಮೇಲ್ವಿಚಾರಕರು ಅದನ್ನು ತಂತಮ್ಮ ಕಂಪ್ಯೂಟರಿನ ಡಿ ಡ್ರೈವ್‌ಗೆ ನಕಲು ಮಾಡಿಕೊಂಡರೆ ಆಯಿತು. ಜೂನ್‌ಗೆ ಮೊದಲು ಆಗಬೇಕು.

— ಓದುಗರೊಬ್ಬರು, ಹೊಸನಗರ ತಾಲ್ಲೂಕು