ಬಿಸಿಲಿರುವಾಗಲೇ ಮುಗಿಸಬೇಕಾದ ಕೆಲಸ: ಮಗಳಿಗೊಂದು ಪತ್ರ

ಚಿ. ಸೌ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಈ ಸಲದ ಮಳೆಗಾಲ ಪೂರ್ತಿ ತೀರ್ಥಹಳ್ಳಿ ಕಡೆಯ ಹಳೇ ಮನೆಯಲ್ಲೇ ಇರುತ್ತೇವೆ ಅಂದೆಯಲ್ಲ, ಅದಕ್ಕೆ ಈ ಕಾಗದ. ಈಗ ಮೇ ಮೊದಲ ವಾರ. ರೋಹಿಣಿ ಮಳೆ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಹೊತ್ತಿಗೆ. ಆರಿದ್ರೆ ಹಿಡಿಯಿತೆಂದರೆ ವಾರಗಟ್ಟಲೆ ಒಂದು ಟವೆಲ್ ಒಣಗುವಷ್ಟೂ ಬಿಸಿಲು ಬೀಳುವುದಿಲ್ಲ. ಹಾಗಾಗಿ ಬಿಸಿಲು ಬೇಡುವ ಕೆಲಸ ಮೊದಲು, ದುಡ್ಡು ಕೊಟ್ಟರೆ ಯಾವಾಗಲೂ ಸಿಗುವ ಸಾಮಾನು ಆಮೇಲೆ. ಮೇಣದಬತ್ತಿ ಜೂನ್‌ನಲ್ಲೂ ಅಂಗಡಿಯಲ್ಲಿರುತ್ತದೆ.

ಎಲ್ಲಕ್ಕಿಂತ ಮುಂಚೆ ಹಂಚು ಕೈಯಾಡಿಸಬೇಕು, ಅಂದರೆ ತೆಗೆದು, ಒಡೆದದ್ದನ್ನು ಬದಲಿಸಿ, ಮತ್ತೆ ಕೂರಿಸಬೇಕು. ಕೆಲಸದವರು ಬರುವ ಹಿಂದಿನ ದಿನ, ನೆತ್ತಿಯ ಬಿಸಿಲಿನಲ್ಲಿ ಅಟ್ಟ ಹತ್ತಿ, ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದುವ ತನಕ ಸುಮ್ಮನೆ ನಿಂತುಕೋ. ಒಡೆದ ಹಂಚಿದ್ದಲ್ಲಿ ಬೆಳಕು ಸೂಜಿತೂತಿನ ಹಾಗೆ ಕಾಣುತ್ತದೆ. ಅಲ್ಲಿನ ರೀಪಿಗೆ, ಹಂಚು ಕೂರುವ ಮರದ ಪಟ್ಟಿಗೆ, ಸುಣ್ಣದ ಗುರುತು ಹಾಕು. ಮರದ ಮೇಲೆ ನೀರಿನ ಕಪ್ಪು ಕಲೆಯಿದ್ದೂ ಬೆಳಕು ಕಾಣದಿದ್ದರೆ ಹೆಚ್ಚಾಗಿ ಹಂಚು ಒಡೆದಿರುವುದಿಲ್ಲ. ಅದರ ಪಕ್ಕದ ಗೀರಿನಲ್ಲಿ ದರಗು, ಪಾಚಿ ಕೂತು ನೀರು ಹೊರಳಿ ಒಳಗೆ ಬಂದಿರುತ್ತದೆ. ಅಲ್ಲಿ ಹೊಸ ಹಂಚು ಹಾಕಿಸಿ ಪ್ರಯೋಜನವಿಲ್ಲ. ತೆಗೆದು, ತಂತಿ ಬ್ರಷ್‌ನಿಂದ ಗೀರು ಉಜ್ಜಿ, ಮತ್ತೆ ಕೂರಿಸಿದರೆ ಸಾಕು. ಹನಿ ಬೀಳುವ ಜಾಗದ ನೇರಕ್ಕೇ ತೂತು ಇದೆಯೆಂದೂ ಎಣಿಸಬೇಡ. ನೀರು ಮಾಡಿನ ಇಳಿಜಾರಿನ ಮರದ, ಅಂದರೆ ಪಕಾಸಿನ, ಗುಂಟ ಇಳಿದು ಎರಡು ಮೂರು ಅಡಿ ಕೆಳಗೆ ತೊಟ್ಟಿಕ್ಕುತ್ತದೆ, ಮೇಲಕ್ಕೆ ಹುಡುಕು.

ಹೊಸ ಹಂಚು ತರಲು ಹೋಗುವಾಗ ಹಳೆಯದೊಂದನ್ನು ಜೊತೆಗೆ ಒಯ್ಯಬೇಕು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹಂಚು ಮಾಡುವವರು ಎಷ್ಟೋ ಜನ ಆದರು. ಅಚ್ಚಿನಿಂದ ಅಚ್ಚಿಗೆ ಅಳತೆ ಕೂದಲೆಳೆಯಷ್ಟು ಬೇರೆ. ಹಂಚು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಕಾಣುತ್ತದೆ. ಅಂಚಿಗೆ ಅಂಚು ಕೂರದ ಹಂಚು ಗಾಳಿಮಳೆಗೆ ಸೋರಿಯೇ ಸೋರುತ್ತದೆ. ಬೇಕಾದ್ದಕ್ಕಿಂತ ಇಪ್ಪತ್ತೈದು ಹೆಚ್ಚಿಗೆ ತಂದಿಡು, ಹಂಚು ಒಡೆಯುವ ಮಂಗ ಜುಲೈನಲ್ಲೂ ಬರುತ್ತದೆ.

ಪಡುವಣ ಗೋಡೆಗೆ ಇರಚಲು ಹೊಡೆಯುತ್ತದೆ. ಪ್ಲಾಸ್ಟಿಕ್ ಶೀಟು ಕಟ್ಟುವುದು ಸುಲಭ ನಿಜ, ಆದರೆ ಅದು ಮಣ್ಣಿನ ಗೋಡೆಗೆ ಅಂಟಿಕೊಂಡು ತೇವವನ್ನು ಒಳಗೇ ಹಿಡಿದಿಡುತ್ತದೆ. ಅಡಿಕೆ ಸೋಗೆಯ ತಟ್ಟಿಯೇ ಒಳ್ಳೆಯದು, ಗೋಡೆಯಿಂದ ಒಂದು ಗೇಣು ಬಿಟ್ಟು ಕಟ್ಟಿಸು.

ಸೌದೆ ಸೀಳಿದ್ದೇ ಇರಲಿ. ತೊಗಟೆ ಸುತ್ತಿದ ದುಂಡು ಕೊರಡು ಎಷ್ಟು ಬಿಸಿಲಿಗೆ ಬಿದ್ದರೂ ಒಳಗೆ ಹಸಿ. ಎರಡು ಸೀಳು ಒಂದಕ್ಕೊಂದು ಬಡಿದು ನೋಡು: ಟಣ್ ಎಂದರೆ ಒಣಗಿದೆ, ಧಬ್ ಎಂದರೆ ಇನ್ನೂ ಬಿಸಿಲು ಬೇಕು. ಕಲ್ಲಿನ ಮೇಲೆ ಎರಡು ಮರ ಅಡ್ಡ ಹಾಕಿ ಒಟ್ಟಬೇಕು, ಗೋಡೆಗೆ ತಾಗಿಸಿದರೆ ಗೆದ್ದಲು ದಾರಿ ಮಾಡಿಕೊಳ್ಳುತ್ತದೆ. ಹಂಡೆ ಒಲೆಗೆ ಬೆಂಕಿ ಹಿಡಿಸಲು ಒಂದೆರಡು ಚೀಲ ಅಡಿಕೆ ಸಿಪ್ಪೆ ಒಳಗೆ ಎತ್ತಿಡು.

ಇನ್ನು ಹಲಸಿನ ಹಪ್ಪಳ. ಬಲಿತ ಕಾಯಿಯೇ ಬೇಕು, ಹಣ್ಣಿನ ವಾಸನೆ ಶುರುವಾಗಿದ್ದರೆ ಬಿಡು. ಸಿಹಿ ಇಳಿದ ತೊಳೆಯ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗಿ ಕಪ್ಪಾಗುತ್ತದೆ, ಅರಳುವುದಿಲ್ಲ. ತೊಳೆಯನ್ನು ಹಬೆಯಲ್ಲಿ ಬೇಯಿಸು. ನೀರಿನಲ್ಲಿ ಬೇಯಿಸಿದರೆ ಹಿಟ್ಟು ಅಂಟಾಗಿ ಹಾಳೆ ಬಿಡುವುದಿಲ್ಲ. ಬಿಸಿ ಇರುವಾಗಲೇ ಕುಟ್ಟಬೇಕು, ಆರಿದರೆ ಗಂಟು ಉಳಿಯುತ್ತದೆ. ಒಂದು ಕೆಜಿ ಬೆಂದ ತೊಳೆಗೆ ಒಂದೂವರೆ ಟೀ ಚಮಚ ಉಪ್ಪು ಸಾಕು. ಹಸಿ ಹಿಟ್ಟಿನಲ್ಲಿ ಸಪ್ಪೆ ಅನ್ನಿಸಬೇಕು, ನೀರು ಆರಿದ ಮೇಲೆ ಉಪ್ಪು ಎದ್ದು ಬರುತ್ತದೆ. ಖಾರದ ಪುಡಿ, ಜೀರಿಗೆ ನಿಮ್ಮ ರುಚಿಗೆ. ನಿಂಬೆ ಗಾತ್ರದ ಉಂಡೆಯನ್ನು ಕೊಬ್ಬರಿ ಎಣ್ಣೆ ಸವರಿದ ಎರಡು ಹಾಳೆಯ ನಡುವೆ ಒತ್ತು. ನಡು ದಪ್ಪವಾಗಿ ಅಂಚು ತೆಳ್ಳಗಾದರೆ ಅಂಚು ಮೊದಲು ಒಣಗಿ ಮುದುರಿಕೊಳ್ಳುತ್ತದೆ. ಚಾಪೆಯ ಮೇಲೆ ಹರಡಿ, ಮೊದಲ ಸಂಜೆಯೇ ಮಗುಚಿ ಹಾಕು. ಮೂರನೆಯ ದಿನ ಮುರಿದು ನೋಡು. ಬಾಗದೆ ಟಪ್ಪನೆ ಮುರಿಯಬೇಕು. ಬಾಗಿದ್ದನ್ನು ಡಬ್ಬಿಗೆ ತುಂಬಿದರೆ ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಎಲ್ಲವೂ ಬೂಸಲು.

ಬೇಳೆ, ಮೆಣಸಿನಕಾಯಿ, ಕೊತ್ತಂಬರಿ ಎರಡು ದಿನ ಚೆನ್ನಾಗಿ ಬಿಸಿಲು ಕಾಣಲಿ. ಅಕ್ಕಿಯನ್ನು ಮಾತ್ರ ಬಿಸಿಲಿಗೆ ಹಾಕಬೇಡ, ಸೀಳುಬಿಟ್ಟು ನುಚ್ಚಾಗುತ್ತದೆ. ನೆರಳಲ್ಲಿ ಗಾಳಿಗೆ ಹರಡಿದರೆ ಸಾಕು. ಬಿಸಿಲಿಗೆ ಹಾಕಿದ್ದನ್ನು ಬಿಸಿಬಿಸಿ ಇರುವಾಗ ಡಬ್ಬಿಗೆ ತುಂಬುವುದೇ ಎಲ್ಲರೂ ಮಾಡುವ ತಪ್ಪು. ಡಬ್ಬಿ ತಣಿದಾಗ ಮುಚ್ಚಳದ ಒಳಗೆ ಬೆವರು ಕಟ್ಟಿ, ಅದೇ ಹನಿ ಮೇಲಿನ ಪದರಕ್ಕೆ ಬಿದ್ದು ಮುಗ್ಗಲು ಶುರುವಾಗುತ್ತದೆ. ಪೂರ್ತಿ ಆರಲಿ. ಮಿಡಿ ಉಪ್ಪಿನಕಾಯಿ ಭರಣಿಯನ್ನೂ ಒಮ್ಮೆ ಬಿಚ್ಚಿ ನೋಡು, ಮಿಡಿಗಳು ರಸದಲ್ಲಿ ಮುಳುಗಿರಬೇಕು. ತೇಲುತ್ತಿದ್ದರೆ ಉಪ್ಪುನೀರು ಕುದಿಸಿ, ಆರಿಸಿ ಹೊಯ್ಯಿ.

ಬಾವಿ ಕೆಲಸ ಮಳೆ ಶುರುವಾದ ಮೇಲಿನದು. ನೀರು ಏರಿ ಕದಡು ಇಳಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಬೇಕು, 1,000 ಲೀಟರಿಗೆ 2.5 ಗ್ರಾಂ ಲೆಕ್ಕ. ನಮ್ಮ ಬಾವಿ 2 ಮೀಟರ್ ಅಗಲ; ನೀರು 3 ಮೀಟರ್ ಇದ್ದರೆ ಸುಮಾರು 9,400 ಲೀಟರ್ ಆಯಿತು, 24 ಗ್ರಾಂ ಬೇಕು. ಪುಡಿಯನ್ನು ನೇರ ಸುರಿಯಬೇಡ. ಬಕೆಟ್ಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು ಕೊಡದಿಂದ ಎತ್ತಿ ಹೊಯ್ದು ಬೆರೆಸು. ರಾತ್ರಿ ಹಾಕಿ ಬೆಳಿಗ್ಗೆ ಸೇದಿದರೆ ಸರಿ. ಹಳೇ ಪೊಟ್ಟಣದ ಪುಡಿಗೆ ಸತ್ವ ಇರುವುದಿಲ್ಲ, ಹೊಸದು ತಾ. ಕುಡಿಯುವ ನೀರು ಹೇಗೂ ಕುದಿಸಿದ್ದೇ ಆಗಲಿ.

ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಈಗಲೇ ಹಾಕಿಸು. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಟಿವಿ, ರೂಟರ್ ಪ್ಲಗ್ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಇದನ್ನು ಅಳಿಯಂದಿರಿಗೂ ಹೇಳು.

ಹಂಚಿನವರು 12ನೇ ತಾರೀಕು ಬರುತ್ತೇವೆ ಅಂದಿದ್ದಾರೆ. ಏಣಿ ಕೊಟ್ಟಿಗೆಯ ಅಟ್ಟದಲ್ಲಿದೆ. ಮೇಲಿನಿಂದ ಮೂರನೇ ಮೆಟ್ಟಿಲು ಸಡಿಲವಾಗಿದೆ, ಅವರು ಹತ್ತುವ ಮುಂಚೆ ಹಗ್ಗ ಬಿಗಿದು ಕಟ್ಟಿಸು.

ಇಂತಿ,
ನಿನ್ನ ಅಮ್ಮ