ಟ್ರ್ಯಾಕ್‌ಗೆಂದೇ ಮಾರಿದ ಕಾರು, ಆಯಿಲ್ ಸಿಗದೆ ಹಾಳಾದ ಎಂಜಿನ್: ವಾರಂಟಿ ನಿರಾಕರಣೆ ಕುರಿತು ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಎಂಜಿನ್ ಬೇರಿಂಗ್ ಹಾಳಾದ ಬಗ್ಗೆ ಮರುಪರಿಶೀಲನೆ ಕೋರಿಕೆ

ಮಾನ್ಯರೇ,

ರೇಸ್ ಟ್ರ್ಯಾಕ್ ಮೇಲೆ ಓಡಿಸಲೆಂದು ನಿಮ್ಮ ಕಂಪನಿ ಮಾರುವ ಟ್ರ್ಯಾಕ್ ಪ್ಯಾಕೇಜ್ ಇರುವ ಕಾರು ನನ್ನದು. ಅದರ ಎಂಜಿನ್ ಟ್ರ್ಯಾಕ್ ಮೇಲೆಯೇ ಕೆಟ್ಟಿತು. ವಾರಂಟಿ ಕೇಳಿದರೆ "ಅತಿಯಾದ ಬಳಕೆ, ಅಧಿಕ ರೆವ್" (ಎಂಜಿನ್ ಅನ್ನು ಮಿತಿ ಮೀರಿದ ವೇಗದಲ್ಲಿ ತಿರುಗಿಸಿದ್ದು) ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದೀರಿ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಏಕೆಂದು ವಿವರವಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ನಿಮ್ಮ ಎಂಜಿನ್ ವಿಭಾಗದವರ ಕೈಗೂ ಕೊಡಿ.

ಟ್ರ್ಯಾಕ್‌ಗೆ ಇಳಿಯುವ ಮೊದಲು ಡಿಪ್‌ಸ್ಟಿಕ್ ನೋಡಿದ್ದೆ. ಆಯಿಲ್ ಮೇಲಿನ ಗೆರೆಯಲ್ಲಿತ್ತು. ನೀವು ಹೇಳಿದ ದರ್ಜೆಯ ಆಯಿಲ್, ನಿಮ್ಮದೇ ಸರ್ವಿಸ್ ಸೆಂಟರ್‌ನಲ್ಲಿ ಹಾಕಿಸಿದ್ದು. ಬಲಕ್ಕೆ ಹೊರಳುವ ಒಂದು ಉದ್ದನೆಯ ತಿರುವಿನಲ್ಲಿ, 7000 ಆರ್‌ಪಿಎಂ (ನಿಮಿಷಕ್ಕೆ 7000 ಸುತ್ತು) ಹತ್ತಿರ ಇದ್ದಾಗ, ಆಯಿಲ್ ಒತ್ತಡದ ಎಚ್ಚರಿಕೆ ದೀಪ ಒಮ್ಮೆ ಮಿನುಗಿತು. ಕಾರು ನೇರವಾಗುತ್ತಿದ್ದಂತೆ ದೀಪ ಆರಿತು. ಆದರೆ ಕೆಳಗಿನಿಂದ ಟಕಟಕ ಶಬ್ದ ಶುರುವಾಗಿತ್ತು. ತಕ್ಷಣ ಎಂಜಿನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿದೆ.

ಎಂಜಿನ್ ಬಿಚ್ಚಿದ್ದು ನಿಮ್ಮವರೇ. ಅವರ ವರದಿಯಲ್ಲೇ ಇದೆ: ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ (ಎಂಜಿನ್‌ನ ತಿರುಗುವ ಮುಖ್ಯ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡ್‌ಗಳ ಬೇರಿಂಗ್‌ಗಳ ಮೇಲ್ಪದರ ಸವೆದು ತಾಮ್ರದ ಬಣ್ಣ ಕಾಣುತ್ತಿದೆ, ಒಂದು ಬೇರಿಂಗ್ ತನ್ನ ಜಾಗದಲ್ಲೇ ತಿರುಗಿಬಿಟ್ಟಿದೆ. ಅಧಿಕ ರೆವ್ ಆದಾಗ ಕಾಣಬಹುದಾದ, ಪಿಸ್ಟನ್ ಮೇಲೆ ವಾಲ್ವ್ ಬಡಿದ ಗುರುತಿಲ್ಲ. ಆಯಿಲ್ ಮಟ್ಟ ಸರಿಯಾಗಿದೆ. ಹಾಗಿದ್ದರೆ ಅಧಿಕ ರೆವ್ ಎಂಬ ಮಾತು ಎಲ್ಲಿಂದ ಬಂತು? ಆಕ್ಸಿಲರೇಟರ್ ಎಷ್ಟು ಒತ್ತಿದರೂ ರೆವ್ ಲಿಮಿಟರ್ ತಡೆಯುತ್ತದೆ. ಅದನ್ನು ಮೀರಬೇಕಾದರೆ ವೇಗದಲ್ಲಿದ್ದಾಗ ತಪ್ಪು ಗೇರಿಗೆ ಇಳಿಸಿರಬೇಕು. ಹಾಗೆ ಮಾಡಿದ್ದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುನಲ್ಲಿ ದಾಖಲಾಗಿರುತ್ತದೆ. ಆ ದಾಖಲೆ ಕೊಡಿ ಎಂದು ಕೇಳಿದ್ದೇನೆ. ಇನ್ನೂ ಕೊಟ್ಟಿಲ್ಲ.

ಕಾರಣ ಸಂಪ್‌ನಲ್ಲಿದೆ, ಅಂದರೆ ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಯಲ್ಲಿ. ನಿಮ್ಮ ಟ್ರ್ಯಾಕ್ ಪ್ಯಾಕೇಜ್‌ನಲ್ಲಿ ಅಂಟುವ ಸೆಮಿ ಸ್ಲಿಕ್ ಟೈರ್ ಇದೆ, ಗಟ್ಟಿ ಸಸ್ಪೆನ್ಷನ್ ಇದೆ, ದೊಡ್ಡ ಬ್ರೇಕ್ ಇದೆ. ಆಯಿಲ್ ಸಂಪ್ ಮಾತ್ರ ಸಾಮಾನ್ಯ ಮಾದರಿಯದ್ದೇ. ಎರಡರ ಪಾರ್ಟ್ ನಂಬರ್ ಒಂದೇ ಎಂಬುದನ್ನು ನಿಮ್ಮ ಬಿಡಿಭಾಗಗಳ ಪಟ್ಟಿಯಲ್ಲೇ ನೋಡಿದೆ. ಈಗ ಲೆಕ್ಕ ನೋಡಿ. ತಿರುವಿನಲ್ಲಿ ಪಕ್ಕದ ಎಳೆತ 0.8 ಜಿ (ಗುರುತ್ವಾಕರ್ಷಣೆಯ 0.8 ಪಟ್ಟು) ಇದ್ದರೆ ಸಂಪ್‌ನೊಳಗಿನ ಆಯಿಲ್ ಸುಮಾರು 39 ಡಿಗ್ರಿ ವಾಲುತ್ತದೆ. 1 ಜಿಗೆ 45 ಡಿಗ್ರಿ. ಸೆಮಿ ಸ್ಲಿಕ್ ಟೈರ್ ಕೊಡುವ 1.2 ಜಿಯಲ್ಲಿ 50 ಡಿಗ್ರಿ. ಚಿಕ್ಕ ತಿರುವಾದರೆ ಆಯಿಲ್ ಒಂದು ಕ್ಷಣ ಗೋಡೆ ಹತ್ತಿ ಮತ್ತೆ ಇಳಿಯುತ್ತದೆ, ಏನೂ ಆಗುವುದಿಲ್ಲ. ಉದ್ದನೆಯ ತಿರುವಿನಲ್ಲಿ ಅದು ಅಲ್ಲೇ ನಿಂತುಬಿಡುತ್ತದೆ. ಅದೇ ಹೊತ್ತಿಗೆ ಸಿಲಿಂಡರ್ ಹೆಡ್‌ಗೆ ಹೋದ ಆಯಿಲ್ ಕೂಡ ಬೇಗ ಕೆಳಗೆ ಬರುವುದಿಲ್ಲ. ಬಲಕ್ಕೆ ತಿರುಗುವಾಗ ಅದನ್ನೂ ಎಡಕ್ಕೆ ತಳ್ಳುವ ಬಲ ಇರುತ್ತದಲ್ವಾ? ಹೀಗೆ, ಸಂಪ್‌ನಿಂದ ಪಂಪ್‌ಗೆ ಆಯಿಲ್ ಹೀರುವ ಪಿಕಪ್ ಪೈಪಿನ ಬಾಯಿ ಬರಿದಾಗುತ್ತದೆ. ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತದೆ.

7000 ಆರ್‌ಪಿಎಂ ಅಂದರೆ ಕ್ರ್ಯಾಂಕ್ ಸೆಕೆಂಡಿಗೆ 116ಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಮೂರು ಸೆಕೆಂಡಿನ ತಿರುವಿಗೆ 350 ಸುತ್ತು. ಬೇರಿಂಗ್ ಮತ್ತು ಕ್ರ್ಯಾಂಕ್ ಒಂದಕ್ಕೊಂದು ತಾಗದಂತೆ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ ಮಾತ್ರ. ಆಯಿಲ್ ಮೊದಲು ಕ್ರ್ಯಾಂಕ್ ಅನ್ನು ಹಿಡಿದಿಡುವ ಮೇನ್ ಬೇರಿಂಗ್‌ಗಳಿಗೆ ಹೋಗಿ, ಕ್ರ್ಯಾಂಕ್ ಒಳಗಿನ ರಂಧ್ರಗಳ ಮೂಲಕ ಕೊನೆಗೆ ರಾಡ್ ಬೇರಿಂಗ್‌ಗೆ ತಲುಪುತ್ತದೆ. ಒತ್ತಡ ಕುಸಿದರೆ ಮೊದಲು ಏಟು ಬೀಳುವುದು ಅಲ್ಲೇ. ನನ್ನ ಎಂಜಿನ್‌ನಲ್ಲಿ ಹಾಳಾಗಿರುವುದೂ ಅದೇ ಜಾಗ.

ಆ ದೀಪದ ಬಗ್ಗೆಯೂ ಹೇಳಬೇಕು. ಇಂಥ ದೀಪಗಳು ಸಾಮಾನ್ಯವಾಗಿ ಅರ್ಧ ಬಾರ್ (ಸುಮಾರು 7 ಪಿಎಸ್‌ಐ) ಆಸುಪಾಸಿಗೆ ಒತ್ತಡ ಇಳಿದಾಗ ಹತ್ತುತ್ತವೆ. ನಿಂತ ಕಾರಿಗೆ ಅದು ಸಾಕು. ಆದರೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಒತ್ತಡ ಇರಬೇಕು ಎಂಬುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ. ಅದರಂತೆ 7000ಕ್ಕೆ 70 ಪಿಎಸ್‌ಐ, ಅಂದರೆ 5 ಬಾರ್‌ಗೆ ಸ್ವಲ್ಪ ಕಡಿಮೆ. ದೀಪ ಹತ್ತುವ ಹೊತ್ತಿಗೆ ಬೇರಿಂಗ್ ಕಥೆ ಮುಗಿದಿರುತ್ತದೆ. ಲ್ಯಾಪ್ ಸಮಯ ತೋರಿಸಲು ನೀವು ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಇಡೀ ಪರದೆ ಕೊಟ್ಟಿದ್ದೀರಿ. ಆಯಿಲ್ ಒತ್ತಡದ ಮೀಟರ್ ಕೊಟ್ಟಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ತಂದ ಮಾತು ಬೇರೆ. ಕಾರು ಬಿಟ್ಟ ದಿನ ನಿಮ್ಮ ಸರ್ವಿಸ್ ಸಲಹೆಗಾರರು, "ಟ್ರ್ಯಾಕ್‌ಗೆ ಹೋಗುವಾಗ ಅರ್ಧ ಲೀಟರ್ ಜಾಸ್ತಿ ಹಾಕಬೇಕಿತ್ತು ಸರ್, ಎಲ್ಲರೂ ಹಾಗೇ ಮಾಡ್ತಾರೆ" ಎಂದರು. ಮೇಲಿನ ಗೆರೆ ದಾಟಿಸಬೇಡಿ ಎಂದು ನಿಮ್ಮ ಕೈಪಿಡಿಯಲ್ಲೇ ದಪ್ಪಕ್ಷರದಲ್ಲಿದೆ. ಮಟ್ಟ ತುಂಬಾ ಏರಿದರೆ ಕ್ರ್ಯಾಂಕ್ ಆಯಿಲ್ ಅನ್ನು ಕಡೆದು ನೊರೆ ಮಾಡಬಹುದು. ನೊರೆಯಲ್ಲಿ ಇರುವುದೂ ಗಾಳಿಯೇ. ಕೈಪಿಡಿಗೆ ವಿರುದ್ಧವಾದ ಸಲಹೆ ಸರ್ವಿಸ್ ಸೆಂಟರ್‌ನಲ್ಲಿ ಬಾಯಿಮಾತಿನಲ್ಲಿ ಓಡಾಡುತ್ತಿದೆ ಅಂದರೆ ಈ ತೊಂದರೆ ನಿಮ್ಮವರಿಗೆ ಗೊತ್ತಿದೆ. ಗೊತ್ತಿದ್ದೂ ಗ್ರಾಹಕರಿಗೆ ಬರೆದು ತಿಳಿಸಿಲ್ಲ.

ಪರಿಹಾರ ಹೊಸದೇನೂ ಅಲ್ಲ. ಪಿಕಪ್ ಸುತ್ತ ತಡೆಗೋಡೆ, ಆಯಿಲ್ ಒಳಗೆ ಮಾತ್ರ ಬಿಡುವ ಒಮ್ಮುಖ ಬಾಗಿಲು ಇರುವ ಬ್ಯಾಫಲ್ ಸಂಪ್ ಹಾಕಿದರೆ ತೊಂದರೆ ಬಹಳಷ್ಟು ತಗ್ಗುತ್ತದೆ. ಇನ್ನೂ ಬೇಕೆಂದರೆ ಒತ್ತಡದಲ್ಲಿ ಆಯಿಲ್ ಹಿಡಿದಿಟ್ಟು, ಒತ್ತಡ ಬಿದ್ದ ಕ್ಷಣದಲ್ಲಿ ಒಳಗೆ ಬಿಡುವ ಅಕ್ಯುಮುಲೇಟರ್ ಇದೆ. ಆಯಿಲ್ ಅನ್ನು ಬೇರೆ ಟ್ಯಾಂಕ್‌ನಲ್ಲಿ ಇಡುವ ಡ್ರೈ ಸಂಪ್ ಅನ್ನು 2006ರ ಶೆವರ್ಲೆ ಕಾರ್ವೆಟ್ ಝಡ್06 ಸ್ಪೋರ್ಟ್ಸ್ ಕಾರು ಕಾರ್ಖಾನೆಯಿಂದಲೇ ಹೊತ್ತು ಬಂದಿತ್ತು. ನಾನು ಅಷ್ಟು ದುಬಾರಿ ವ್ಯವಸ್ಥೆ ಕೇಳುತ್ತಿಲ್ಲ. ಟೈರ್ ಬದಲಾಯಿಸಿದವರು ಸಂಪ್ ಒಳಗೆ ನಾಲ್ಕು ತಗಡು ಬೆಸುಗೆ ಹಾಕಬಹುದಿತ್ತು.

ನನ್ನ ಬೇಡಿಕೆ ಸ್ಪಷ್ಟ. ನಿರಾಕರಣೆ ಹಿಂದಕ್ಕೆ ಪಡೆದು, ಎಂಜಿನ್ ಅನ್ನು ವಾರಂಟಿಯಲ್ಲೇ ಸರಿಮಾಡಿ ಕೊಡಿ. ಸರಿಮಾಡಿದ ಎಂಜಿನ್‌ಗೆ ಬ್ಯಾಫಲ್ ಸಂಪ್ ಹಾಕಿ. ಹಳೆಯ ಸಂಪನ್ನೇ ಕೂರಿಸಿದರೆ ಅದೇ ತಿರುವಿನಲ್ಲಿ ಇದೂ ಕೆಡುತ್ತದೆ. ಇಸಿಯು ದಾಖಲೆಯ ಪೂರ್ತಿ ಪ್ರತಿ ಕೊಡಿ. ಜೊತೆಗೆ, ಇದೇ ಪ್ಯಾಕೇಜ್ ಕೊಂಡ ಎಲ್ಲರಿಗೂ ಪತ್ರ ಬರೆದು ಎಚ್ಚರಿಸಿ. ಎಷ್ಟೋ ಜನ ಈ ವಾರವೂ ನಿಮ್ಮ ಮಾತು ನಂಬಿ ಟ್ರ್ಯಾಕ್‌ಗೆ ಇಳಿಯುತ್ತಾರೆ. ಎಂಜಿನ್ ಜಾಮ್ ಆಗಿ ಆಯಿಲ್ ಟೈರ್ ಕೆಳಗೆ ಚೆಲ್ಲಿದರೆ ಹೋಗುವುದು ಬರೀ ಎಂಜಿನ್ ಅಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬೇಕು. ಇಲ್ಲವಾದರೆ ಸ್ವತಂತ್ರ ತಜ್ಞರಿಂದ ತಪಾಸಣೆ ಮಾಡಿಸಿ ಗ್ರಾಹಕರ ದೂರು ಆಲಿಸುವ ಅಧಿಕಾರಿಗಳ ಮುಂದೆ ಹೋಗುತ್ತೇನೆ. ಅಲ್ಲಿಯವರೆಗೆ ಬಿಚ್ಚಿದ ಬೇರಿಂಗ್, ಕ್ರ್ಯಾಂಕ್, ಸಂಪ್, ಪಿಕಪ್ ಪೈಪ್ ಮತ್ತು ಆಯಿಲ್ ಫಿಲ್ಟರ್ ಯಾವುದನ್ನೂ ಎಸೆಯಬಾರದು, ತೊಳೆಯಲೂಬಾರದು. ಸೀಲ್ ಮಾಡಿ ಇಟ್ಟು, ಅದರ ಫೋಟೋಗಳನ್ನು ನನಗೆ ಕಳುಹಿಸಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಸರ್ವಿಸ್ ರಸೀದಿಗಳು, ಬಿಚ್ಚಿದ ಎಂಜಿನ್‌ನ ವರದಿ, ವಾರಂಟಿ ನಿರಾಕರಣೆ ಪತ್ರದ ಪ್ರತಿ